64 ಪುಟಗಳ ಮನೆ

ಹನ್ನೊಂದು ವರ್ಷದಿಂದ ತೊಟ್ಟಿಕ್ಕುತ್ತಿದ್ದ ಬಚ್ಚಲುಮನೆಯ ನಲ್ಲಿಗೆ ಮೊನ್ನೆ ಹೊಸ ವಾಷರ್ ಹಾಕಿದೆ. ಮೂರು ನಿಮಿಷದ ಕೆಲಸ. ಮರುದಿನ ಕಿರುಗುಟ್ಟುವ ಬಾಗಿಲಿನ ಕೀಲಿಗೆ ಎಣ್ಣೆ ಬಿತ್ತು, ಸಡಿಲವಾಗಿದ್ದ ಕಂಬಿಗೆ ಸ್ಕ್ರೂ ಬಂತು. ನಮಗೆ ನಾವೇ ದಯಪಾಲಿಸಿಕೊಳ್ಳದ ಸುಖವನ್ನೆಲ್ಲ, ಎರಡೇ ಸಲ ನೋಡಿದ ಅಪರಿಚಿತರಿಗಾಗಿ ಅಣಿಮಾಡುತ್ತಿದ್ದೆ. ಮನೆ ಮಾರಲು ಹೊರಟಿದ್ದೆವು. ಕೊಳ್ಳುವವರ ಕಡೆಯಿಂದ ತಪಾಸಕರು ಬರುವವರಿದ್ದರು. ಸುಮ್ಮನಾದ ನಲ್ಲಿಯನ್ನು ನೋಡಿ ನನ್ನ ಹೆಂಡತಿ, "ಇಷ್ಟು ಚೆನ್ನಾಗಿದ್ದರೆ ನಾವೇ ಇದ್ದುಬಿಡಬಹುದಿತ್ತಲ್ಲ" ಎಂದಳು.

ತಪಾಸಕರು ಏಣಿ, ಟಾರ್ಚು, ಸಾಕೆಟ್ಟಿಗೆ ಚುಚ್ಚಿದರೆ ಮೂರು ದೀಪ ಮಿನುಗಿಸುವ ಒಂದು ಪ್ಲಗ್ಗು, ಎರಡು ಮೊನೆಯ ತೇವಮಾಪಕ, ಇಷ್ಟನ್ನೂ ಹೊತ್ತು ಬಂದರು. ಆದರೆ ಅವರ ಮುಖ್ಯ ಸಲಕರಣೆ ಇವು ಯಾವುವೂ ಅಲ್ಲ. "ಹ್ಞೂಂ" ಎಂಬ ಉದ್ಗಾರ. ಸಿಂಕಿನ ಕೆಳಗೆ ತಲೆ ತೂರಿಸಿ ಒಂದು ಗಿಡ್ಡ ಹ್ಞೂಂ. ಅಟ್ಟದ ಮೇಲಿಂದ ಒಂದು ದೀರ್ಘ ಹ್ಞೂಂ. ಸ್ವಿಚ್ ಬೋರ್ಡಿನ ಮುಂದೆ ನಿಂತು, ಕೊನೆಯಲ್ಲಿ ಸ್ವರ ಮೇಲೇರಿಸಿದ ಇನ್ನೊಂದು. "ಏನಾದರೂ ತೊಂದರೆಯೇ?" ಎಂದು ಕೇಳಿದರೆ, "ವರದಿಯಲ್ಲಿ ಬರುತ್ತದೆ" ಎಂದರು. ರಕ್ತಪರೀಕ್ಷೆಗೆ ಕೊಟ್ಟವನಂತೆ ಮೂರು ಗಂಟೆ ಅವರ ಹಿಂದೆ ಸುತ್ತಿದೆ.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕೊಂದು ನಮ್ಮಲ್ಲಿದೆ. ಗೋಡೆಯ ಒತ್ತಡವೆಲ್ಲ ತೆರಪಿನ ಮೂಲೆಗೆ ಬಂದು ಸೇರುವುದರಿಂದ ಬಿರುಕಿಗೆ ಅದು ಮೆಚ್ಚಿನ ಜಾಗ. 1 ಮಿಲಿಮೀಟರ್ ದಾಟದ ಬಿರುಕು ಮುಂದಿನ ಸಲ ಬಣ್ಣ ಬಳಿಯುವಾಗ ಮುಚ್ಚಿಹೋಗುತ್ತದೆ. 5 ಮಿಲಿಮೀಟರ್ ದಾಟಿದರೆ ಇಂಜಿನಿಯರನ್ನು ಕರೆಯಬೇಕು. ನಮ್ಮದು ಕೂದಲೆಳೆಯಷ್ಟು. ಮಗಳು ಚಿಕ್ಕವಳಿದ್ದಾಗ ಅದರ ಎರಡೂ ಕಡೆ ಪೆನ್ಸಿಲಿನಿಂದ ಎಲೆ ಬರೆದು ಬಳ್ಳಿ ಮಾಡಿದ್ದಳು. ತಪಾಸಕರು ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಆರು ಕೋನಗಳಿಂದ ಅದರ ಫೋಟೊ ತೆಗೆದರು. ವರದಿಯಲ್ಲಿ ಬಂದ ಒಕ್ಕಣೆ ಇದು: "ಬಿರುಕಿನ ಇಕ್ಕೆಲಗಳಲ್ಲಿ ಎಲೆಯಾಕಾರದ ಗುರುತುಗಳು ಕಂಡುಬಂದಿವೆ. ಮೂಲ ತಿಳಿದುಬಂದಿಲ್ಲ. ತಜ್ಞರಿಂದ ಪರಿಶೀಲಿಸುವುದು ಸೂಕ್ತ."

ಆಮೇಲೆ ತೇವಮಾಪಕ ಕೀರಲಿತು. ಈ ಯಂತ್ರ ಅಳೆಯುವುದು ನೀರನ್ನಲ್ಲ, ಎರಡು ಮೊನೆಗಳ ನಡುವಿನ ವಿದ್ಯುತ್ ರೋಧವನ್ನು. ಗೋಡೆಯಲ್ಲಿ ಒಂದಿಷ್ಟು ಲವಣ ಕೂತಿದ್ದರೂ ಅದು ಒದ್ದೆ ಎಂದೇ ಕೂಗುತ್ತದೆ. ಹಾಗೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಹ್ಞೂಂ ಬಿದ್ದಿತ್ತು.

ವರದಿ 64 ಪುಟ. ಪುಟಪುಟಕ್ಕೂ ಫೋಟೊ, ಫೋಟೊಗೊಂದು ಕೆಂಪು ಬಾಣ. "ತಜ್ಞರಿಂದ ಪರಿಶೀಲಿಸುವುದು ಸೂಕ್ತ" ಎಂಬ ವಾಕ್ಯ 23 ಕಡೆ. ಹಾಗಾದರೆ ಏಣಿ ಹೊತ್ತು ಬಂದುಹೋದವರು ಯಾರು? ಉತ್ತರ ಕೊನೆಯ ಒಂಬತ್ತು ಪುಟಗಳಲ್ಲಿತ್ತು: ಕಣ್ಣಿಗೆ ಕಂಡದ್ದನ್ನು ಮಾತ್ರ ನೋಡಲಾಗಿದೆ; ಗೋಡೆಯ ಒಳಗೆ, ನೆಲದ ಅಡಿ, ಬೀರುವಿನ ಹಿಂದೆ ನೋಡಿಲ್ಲ; ಮಾಡನ್ನು ಕೆಳಗಿನಿಂದ ನೋಡಲಾಗಿದೆ; ಏನಾದರೂ ಕಣ್ತಪ್ಪಿದ್ದರೆ ಹೊಣೆ ಪಡೆದ ಶುಲ್ಕದಷ್ಟಕ್ಕೆ ಸೀಮಿತ. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಬಲ್ಲೆ. ಹುಡುಕಿ, ಇದು ಕಲ್ಲೇ ಎಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದು ಬರೆದುಕೊಟ್ಟು ಹಣ ಪಡೆಯುವವರನ್ನು ಕಂಡದ್ದು ಇದೇ ಮೊದಲು.

ಸುಳ್ಳು ಹೇಳಬಾರದು, 41ನೇ ಪುಟ ಓದಿ ನನ್ನ ಬೆನ್ನು ತಣ್ಣಗಾಯಿತು. ನೀರು ಕಾಯಿಸುವ ಗೀಸರಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ತಂತಿ ಕಳಚಿಹೋಗಿತ್ತಂತೆ. ಅದರ ಕೆಳಗೇ ಇಷ್ಟು ವರ್ಷ ನಾವು ಹಾಡಿಕೊಂಡು ಸ್ನಾನ ಮಾಡಿದ್ದೇವೆ. ಜೀವ ತೆಗೆಯಬಲ್ಲ ಆ ದೋಷ, ಮಾಸಿದ ಬಣ್ಣಕ್ಕೂ ಮುಕ್ಕಾದ ಟೈಲ್ಸಿಗೂ ನಡುವೆ, ಅವುಗಳಷ್ಟೇ ಉದ್ದದ ಬಾಣ ಹೊತ್ತು ತೆಪ್ಪಗೆ ಕೂತಿತ್ತು. ಕೊಳ್ಳುವವರು ಆ ಪುಟವನ್ನು ದಾಟಿಯೇ ಹೋದರು. ಅವರು ಬೆಲೆ ಇಳಿಸಿ ಎಂದು ಪಟ್ಟು ಹಿಡಿದದ್ದು ಬಳ್ಳಿಯ ಮೇಲೆ. ಇಳಿಸಿದೆ. ತಂತಿಯನ್ನು ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿದ್ದೂ ನಾನೇ.

ಆದರೆ ಈ ಮನೆಯ ನಿಜವಾದ ಕಾಯಿಲೆ 64 ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಪಶ್ಚಿಮದ ಗಾಳಿಯೊಡನೆ ಮಳೆ ಬಡಿದರೆ ಮಲಗುವ ಕೋಣೆಯ ಕಿಟಕಿ ಒಳಗೆ ಸೋರುತ್ತದೆ. ಎರಡು ಬಕೆಟ್ಟು, ಒಂದು ಹಳೆಯ ಕಂಬಳಿ ಬೇಕು. ತಪಾಸಣೆಯ ದಿನ ಸುಡುಬಿಸಿಲು. ವರದಿ ಆ ಕಿಟಕಿಗೆ "ತೃಪ್ತಿಕರ" ಎಂದು ಹಸಿರು ಗುರುತು ಕೊಟ್ಟಿತ್ತು.

ಒಂದು ವಾರ ನಿದ್ದೆ ಬರಲಿಲ್ಲ. ಕೊನೆಗೆ ಕೊಳ್ಳುವವರನ್ನು ಕೂರಿಸಿಕೊಂಡು ಬಕೆಟ್ಟು, ಕಂಬಳಿಯ ಸಮೇತ ಎಲ್ಲವನ್ನೂ ಹೇಳಿದೆ. ಅವರು ಸಾವಧಾನವಾಗಿ ವರದಿ ತೆರೆದು, ಬೆರಳಿಟ್ಟು ಸಾಲು ಸಾಲಾಗಿ ಓದಿ, ತಲೆಯಾಡಿಸಿದರು.

"ಇಲ್ಲಿ ಹಾಗೇನೂ ಬರೆದಿಲ್ಲವಲ್ಲ?"

"ಮಳೆ ಬಂದಾಗ ನೋಡಿ" ಎಂದೆ.

ಅವರು ಕಾಗದ ಮಡಚಿ, ನನ್ನ ಮುಖವನ್ನೇ ದಿಟ್ಟಿಸಿ, ದನಿ ತಗ್ಗಿಸಿದರು: "ನಿಜ ಹೇಳಿ. ಹೆಚ್ಚು ಬೆಲೆ ಕೊಡುವವರು ಬೇರೆ ಯಾರೋ ಸಿಕ್ಕಿದ್ದಾರೆ, ಅಲ್ಲವೇ?"