ಐರಿಷ್ ದೈತ್ಯನ ಮೂಳೆ: ಕಡಲಿಗೋ, ಕಪಾಟಿಗೋ?

ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿ 7 ಅಡಿ 7 ಇಂಚು ಎತ್ತರದ ಒಂದು ಅಸ್ಥಿಪಂಜರ ಇದೆ. ಚಾರ್ಲ್ಸ್ ಬರ್ನ್ ಎಂಬ ಐರ್ಲೆಂಡಿನ ಹುಡುಗನದು. 1783ರಲ್ಲಿ ಸತ್ತಾಗ ಅವನಿಗೆ 22 ವರ್ಷ. ಹೆಣ ವೈದ್ಯರ ಕೈಗೆ ಸಿಗಬಾರದು, ಸಮುದ್ರಕ್ಕೆ ಬಿಡಿ ಎಂದು ಹೇಳಿ ಸತ್ತಿದ್ದ. ಸಿಕ್ಕಿದ್ದು ಆ ಕಾಲದ ದೊಡ್ಡ ಸರ್ಜನ್ ಜಾನ್ ಹಂಟರ್ ಕೈಗೇ. ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಜನ ಅದನ್ನು ನಿಂತು ನೋಡಿದರು. 2023ರ ಜನವರಿಯಲ್ಲಿ ಮ್ಯೂಸಿಯಂನವರು ಇನ್ನು ಪ್ರದರ್ಶನಕ್ಕೆ ಇಡುವುದಿಲ್ಲ ಎಂದರು. ಆದರೆ ಸಂಶೋಧನೆಗೆ ಬೇಕು ಅಂತ ಒಳಗೆ ಇಟ್ಟುಕೊಂಡರು.

ಇಟ್ಟುಕೊಳ್ಳಬಹುದಾ? ಅಥವಾ ಈಗಲಾದರೂ ಕಡಲಿಗೆ ಬಿಡಬೇಕಾ? ಇಲ್ಲಿ ಎರಡು ಬರಹಗಳಿವೆ. ಕಡಲಿಗೆ ಬಿಡಿ ಎನ್ನುವ ಒಂದು, ದೇಹದಾನ ಮಾಡಿದವರೊಬ್ಬರ ಮಗಳದು. ಇನ್ನೊಂದು ಅನಾಟಮಿ ಮೇಷ್ಟ್ರದು.

ಪರ: ಕೇಳಿದ್ದು ಅಷ್ಟೇ, ಕೊಟ್ಟುಬಿಡಿ

ನಮ್ಮಪ್ಪ ದೇಹದಾನದ ಫಾರಂ ತುಂಬಿದ್ದು ಒಂದು ಭಾನುವಾರ ಬೆಳಗ್ಗೆ, ತಿಂಡಿ ಆದ ಮೇಲೆ. ದೋಸೆಯ ಎಣ್ಣೆ ತಾಗದಿರಲಿ ಅಂತ ಕೆಳಗೆ ಪೇಪರ್ ಹಾಸಿದ್ದರು. ಇಬ್ಬರ ಸಾಕ್ಷಿ ಬೇಕಿತ್ತು. ಒಂದು ಸಹಿ ನನ್ನದು, ಇನ್ನೊಂದು ಎದುರು ಮನೆ ಮೇಷ್ಟ್ರದು. ಅಮ್ಮ ಅಡುಗೆಮನೆಯಿಂದ ಆಚೆಗೇ ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾ ಅಪ್ಪ ಕೇಳಿದರು: "ನಾಳೆ ಬೇಡ ಅನ್ನಿಸಿದ್ರೆ ಹರಿದು ಹಾಕಬಹುದು ತಾನೇ?" ಹಾಕಬಹುದು ಅಂದೆ. "ಸರಿ ಹಾಗಾದ್ರೆ" ಎಂದು ಕೈ ತೊಳೆಯಲು ಎದ್ದು ಹೋದರು. ಅವರು ಹರಿಯಲಿಲ್ಲ. ನಾಲ್ಕು ವರ್ಷದ ಮೇಲೆ ಕಾಲೇಜಿನ ವ್ಯಾನ್ ಬಂತು.

ಹಾಗಾಗಿ ನಾನು ವಿಜ್ಞಾನದ ವಿರೋಧಿ ಅಂದುಕೊಳ್ಳಬೇಡಿ. ಬೆಳಗಾವಿಯಲ್ಲಿ 2010ರಲ್ಲಿ ಅನಾಟಮಿ ಕಲಿಸುವ ವೈದ್ಯರೊಬ್ಬರು ತಮ್ಮ ತಂದೆಯ ದೇಹವನ್ನೇ ಕೊಯ್ದು ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಅದು ತಂದೆಯದೇ ಆಸೆಯಾಗಿತ್ತು. ಆ ಸುದ್ದಿ ಓದಿದಾಗ ಮೈ ಜುಮ್ಮೆಂದಿತು, ಆದರೆ ಕೋಪ ಬರಲಿಲ್ಲ. ಬರ್ನ್ ಕಥೆ ಓದಿದಾಗ ಕೋಪ ಬಂತು.

ಅವನು ಉತ್ತರ ಐರ್ಲೆಂಡಿನ ಲಿಟಲ್‌ಬ್ರಿಜ್ ಎಂಬ ಹಳ್ಳಿಯವನು. 1782ರಲ್ಲಿ ಲಂಡನ್ನಿಗೆ ಬಂದ. ತನ್ನ ಎತ್ತರವೇ ಬಂಡವಾಳ. ಅರ್ಧ ಕ್ರೌನ್ ಎಂಬ ಬೆಳ್ಳಿ ನಾಣ್ಯ ಕೊಟ್ಟು ದೊಡ್ಡ ಮನೆತನದವರೂ ನೋಡಲು ಬರುತ್ತಿದ್ದರು. ಹೀಗೆ ಕೂಡಿಟ್ಟ 700ಕ್ಕೂ ಜಾಸ್ತಿ ಪೌಂಡನ್ನು ನೋಟು ಮಾಡಿಸಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. 1783ರ ಏಪ್ರಿಲ್‌ನಲ್ಲಿ ಹೆಂಡದಂಗಡಿಯಲ್ಲಿ ಯಾರೋ ಅದನ್ನು ಎಗರಿಸಿದರು. ಆಮೇಲೆ ಕುಡಿತವೇ ಕುಡಿತ. ಜೂನ್ 1ಕ್ಕೆ ಪ್ರಾಣ ಬಿಟ್ಟ.

ಸಾಯುವ ಮೊದಲೇ ಅವನಿಗೆ ಗೊತ್ತಿತ್ತು, ಯಾರು ಕಾಯುತ್ತಿದ್ದಾರೆ ಅಂತ. ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಡಿ ಎಂದು ಗೆಳೆಯರಿಗೆ ಹೇಳಿದ್ದ. ಅವನು ಸತ್ತಾಗ ಸರ್ಜನ್ನರು ಮನೆಯನ್ನು ಮುತ್ತಿದ ರೀತಿಗೆ ಆಗಿನ ಪತ್ರಿಕೆಯೊಂದು ಕೊಟ್ಟ ಹೋಲಿಕೆ, ದೊಡ್ಡ ತಿಮಿಂಗಿಲದ ಸುತ್ತ ಈಟಿ ಹಿಡಿದ ಬೇಟೆಗಾರರದು. ಹೆಣ ಸಾಗಿಸುವವರಿಗೆ ಹಂಟರ್ ಲಂಚ ಕೊಟ್ಟ. 500 ಪೌಂಡ್ ಎಂಬ ಮಾತಿದೆ. ಪೆಟ್ಟಿಗೆಗೆ ಕಲ್ಲು ತುಂಬಿ ಮಾರ್ಗೇಟ್ ಕಡಲಿಗೆ ಕಳಿಸಿದರು ಎಂದೂ ಹೇಳುತ್ತಾರೆ. ಅದು ನಿಜವಾಗಿದ್ದರೆ, ಪಾಪ, ಗೆಳೆಯರು ಟೋಪಿ ತೆಗೆದು ಪ್ರಾರ್ಥನೆ ಹೇಳಿದ್ದು ಕಲ್ಲಿಗೆ. ಇತ್ತ ಹಂಟರ್ ಮನೆಯಲ್ಲಿ ತಾಮ್ರದ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಮ್ಮ ಬಚ್ಚಲಮನೆ ಹಂಡೆಯನ್ನು ನೆನೆಸಿಕೊಳ್ಳಿ, ಅದಕ್ಕಿಂತ ಎಷ್ಟೋ ದೊಡ್ಡದು. ಸಿಕ್ಕಿಬೀಳುವ ಭಯಕ್ಕೆ ಆತುರಾತುರವಾಗಿ ತುಂಡು ಮಾಡಿ ಬೇಯಿಸಿದ. ಆಮೇಲೆ ವರ್ಷಗಟ್ಟಲೆ ಅದನ್ನು ಬಹಿರಂಗ ಮಾಡಲಿಲ್ಲ. ತಪ್ಪಿಲ್ಲದವನು ಬಚ್ಚಿಡುವುದು ಯಾಕೆ?

ಹಂಟರ್ ಹುಟ್ಟು ಸಾಹುಕಾರನಲ್ಲ, ಅದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ರೈತನ ಮನೆಯ ಹತ್ತನೇ ಮಗು. ಸ್ಕೂಲು ಅರ್ಧಕ್ಕೇ ಬಿಟ್ಟವನು. 1745ರವರೆಗೆ ಲಂಡನ್ನಿನ ಸರ್ಜನ್ನರೂ ಕ್ಷೌರಿಕರೂ ಒಂದೇ ಸಂಘದಲ್ಲಿದ್ದರು ಎಂದರೆ ಆ ಕಸುಬಿಗೆ ಎಷ್ಟು ಮರ್ಯಾದೆ ಇತ್ತು ಲೆಕ್ಕ ಹಾಕಿ. ಲ್ಯಾಟಿನ್ ಓದಿದ ಫಿಜಿಷಿಯನ್ನರು ಇವರನ್ನು ಕೈಕೆಲಸದವರು ಎಂದೇ ನೋಡುತ್ತಿದ್ದರು. ಆ ಕೀಳರಿಮೆಯಿಂದ ಮೇಲೆ ಬರಲು ಹಂಟರ್‌ಗೆ ಇದ್ದ ದಾರಿ ಒಂದೇ: ಬೇರೆ ಯಾರ ಹತ್ತಿರವೂ ಇಲ್ಲದ್ದು ತನ್ನ ಹತ್ತಿರ ಇರಬೇಕು. ಕೆಳಗಿನಿಂದ ಬಂದವನೇ ತನಗಿಂತ ಕೆಳಗಿನವನನ್ನು ತುಳಿದು ಮೇಲೆ ಹೋದ. ನನಗೆ ಈ ಕಥೆಯಲ್ಲಿ ಜಾಸ್ತಿ ನೋವಾಗುವುದು ಇದೇ.

ಆಗಿನ ಕಾನೂನು ಇನ್ನೂ ಚೆನ್ನಾಗಿತ್ತು. ಹೆಣಕ್ಕೆ ಮಾಲೀಕ ಅಂತ ಯಾರೂ ಇಲ್ಲ, ಆದ್ದರಿಂದ ಹೆಣ ಕದ್ದರೆ ಅದು ಕಳ್ಳತನ ಅಲ್ಲ. ಮೇಲೆ ಹೊದಿಸಿದ ಬಟ್ಟೆ ಕದ್ದರೆ ಕಳ್ಳತನ! ಗೋರಿ ಅಗೆಯುವವರು ಬಟ್ಟೆಯನ್ನು ಬಿಚ್ಚಿ ಗುಂಡಿಯಲ್ಲೇ ಎಸೆದು ಬರುತ್ತಿದ್ದರು. 1752ರ ಕಾಯ್ದೆ ಪ್ರಕಾರ ಕೊಲೆಗಾರರನ್ನು ನೇಣಿಗೆ ಹಾಕಿದ ಮೇಲೆ ಸರ್ಜನ್ನರಿಗೆ ಕೊಡುತ್ತಿದ್ದರು. ಅಂದರೆ ಕೊಯ್ಯಿಸಿಕೊಳ್ಳುವುದು ಶಿಕ್ಷೆಯ ಕೊನೆಯ ಭಾಗ. ಬರ್ನ್ ಹೆದರಿದ್ದು ಸುಮ್ನೆ ಅಲ್ಲ. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು 16 ಜನರನ್ನು ಕೊಂದು ಡಾ. ರಾಬರ್ಟ್ ನಾಕ್ಸ್‌ಗೆ ಹೆಣ ಮಾರಿದರು. ಬರ್ಕ್‌ಗೆ ನೇಣಾಯಿತು. ಕೊಂಡುಕೊಂಡ ಡಾಕ್ಟರ ಮೇಲೆ ಕೇಸೇ ಆಗಲಿಲ್ಲ. 1832ರಲ್ಲಿ ಹೊಸ ಕಾಯ್ದೆ ಬಂತು. ಗತಿಯಿಲ್ಲದವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್‌ನಲ್ಲಿ ಸತ್ತ, ಕೇಳುವವರಿಲ್ಲದ ಬಡವರ ಹೆಣ ಕಾಲೇಜಿಗೆ ಹೋಗತೊಡಗಿತು. ನಮ್ಮ 1957ರ ಅನಾಟಮಿ ಕಾಯ್ದೆಯಲ್ಲೂ ವಾರಸುದಾರರಿಲ್ಲದ ಶವದ ಮಾತೇ ಮುಖ್ಯ. ಸಾಹುಕಾರರ ಹೆಣಕ್ಕೆ ವಾರಸುದಾರರು ಇರದೇ ಇರುತ್ತಾರಾ, ನೀವೇ ಹೇಳಿ.

ವಿಜ್ಞಾನಕ್ಕೆ ನಷ್ಟ ಅಂತೀರಾ? 2011ರಲ್ಲಿ ಅವನ ಹಲ್ಲಿನಿಂದ ಡಿಎನ್‌ಎ ತೆಗೆದು, ಎತ್ತರಕ್ಕೆ ಕಾರಣವಾದ ಜೀನ್ ದೋಷ ಕಂಡುಹಿಡಿದರು. ಬೇಕಾದದ್ದು ಸಿಕ್ಕಿತಲ್ಲ. ಅದೇ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಬ್ಬರು ವಿದ್ವಾಂಸರು ಇನ್ನು ಕಡಲಿಗೆ ಬಿಡಿ ಎಂದು ಬರೆದರು. ಯುರೋಪಿನಲ್ಲಿ ಮೈ ತೋರಿಸಿ ಪ್ರದರ್ಶನಕ್ಕಿಟ್ಟಿದ್ದ ಆಫ್ರಿಕಾದ ಹೆಂಗಸು ಸಾರಾ ಬಾರ್ಟ್‌ಮನ್ ದೇಹದ ಅವಶೇಷಗಳನ್ನು ಪ್ಯಾರಿಸ್ಸಿನ ಮ್ಯೂಸಿಯಂ 2002ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ವಾಪಸ್ ಕೊಟ್ಟಿತು. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು?

ಹಂಟರ್ ಎಲ್ಲಿದ್ದಾನೆ ಗೊತ್ತಾ? 1859ರಲ್ಲಿ ಅವನ ಶವಪೆಟ್ಟಿಗೆಯನ್ನು ಹುಡುಕಿ ತೆಗೆದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ರಾಜರು ಮಲಗಿದ ಕಡೆ, ಮರ್ಯಾದೆಯಿಂದ ಹೂಳಿದರು. ಬರ್ನ್ ಕಪಾಟಿನಲ್ಲಿದ್ದಾನೆ. ಈಗ ಮ್ಯೂಸಿಯಂನಲ್ಲಿ ಅಸ್ಥಿಪಂಜರದ ಬದಲು ಜೋಶುವಾ ರೆನಾಲ್ಡ್ಸ್ ಬರೆದ ಹಂಟರ್ ಚಿತ್ರ ತೂಗುತ್ತದೆ. ಹಂಟರ್ ಯೋಚನೆಯಲ್ಲಿ ಕೂತಿದ್ದಾನೆ. ಮೇಲಿನ ಮೂಲೆಯಲ್ಲಿ ಎರಡು ಉದ್ದನೆಯ ಕಾಲಿನ ಮೂಳೆಗಳು ಇಳಿಬಿದ್ದಿವೆ. ಅವು ಯಾರವು ಎಂದು ಕೇಳಬೇಕಾಗಿಲ್ಲ. ಮಾರ್ಗೇಟ್‌ಗೆ ಈಗ ರೈಲಿನಲ್ಲಿ ಎರಡು ಗಂಟೆಯೂ ಬೇಡ.

ವಿರೋಧ: ಮುಳುಗಿದ್ದು ವಾಪಸ್ ಬರುವುದಿಲ್ಲ

ಎಂಬಿಬಿಎಸ್ ಮೊದಲ ವರ್ಷ ಹಾಸ್ಟೆಲ್‌ನಲ್ಲಿ ನನ್ನ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್ ಇತ್ತು. ಒಳಗೆ ಅರ್ಧ ಮನುಷ್ಯ. ಸೀನಿಯರ್ ಒಬ್ಬರಿಂದ ಕೊಂಡ ಹಾಫ್ ಸೆಟ್: ತಲೆಬುರುಡೆ, ಬೆನ್ನುಮೂಳೆಗಳು, ಒಂದು ಕೈ, ಒಂದು ಕಾಲು. ಬೇರೆ ಬೇರೆ ಕೈ ದಾಟಿ ಅಂಚೆಲ್ಲ ನುಣುಪಾಗಿತ್ತು. ತೊಡೆಮೂಳೆಯ ಮೇಲೆ ಯಾರೋ ಕೆಂಪು, ನೀಲಿ ಗೆರೆ ಎಳೆದಿದ್ದರು. ಸ್ನಾಯು ಶುರುವಾಗುವ ಜಾಗಕ್ಕೆ ಕೆಂಪು, ಹೋಗಿ ಸೇರುವ ಜಾಗಕ್ಕೆ ನೀಲಿ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ತೊಡೆ ಮೇಲೆ ಇಟ್ಟುಕೊಂಡೇ ನಿದ್ದೆ ಹೋಗಿದ್ದೇನೆ. ಅದು ಯಾರದು ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಆಗ ಕೇಳಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.

ಹಂಟರ್ ಮಾಡಿದ್ದು ತಪ್ಪು. ಅದರಲ್ಲಿ ವಾದವಿಲ್ಲ. ಗಾಜಿನ ಪೆಟ್ಟಿಗೆಯಿಂದ ತೆಗೆದದ್ದು ಸರಿ, ಇನ್ನೂ ಮೊದಲೇ ತೆಗೆಯಬೇಕಿತ್ತು. ಆದರೆ ಅಲ್ಲಿಂದ ಕಡಲಿಗೆ ಹಾರುವುದಕ್ಕೆ ನಾನು ಒಪ್ಪುವುದಿಲ್ಲ.

"ಬೇಕಾದದ್ದು ಸಿಕ್ಕಿತಲ್ಲ" ಎಂಬ ಮಾತನ್ನೇ ಹಿಡಿಯೋಣ. 1909ರಲ್ಲಿ ಹಾರ್ವಿ ಕುಷಿಂಗ್ ಎಂಬ ಅಮೆರಿಕದ ಸರ್ಜನ್ ಲಂಡನ್ನಿಗೆ ಬಂದು, ಮ್ಯೂಸಿಯಂನ ಆರ್ಥರ್ ಕೀತ್ ಜೊತೆ ಬರ್ನ್ ತಲೆಬುರುಡೆ ತೆರೆಸಿ ನೋಡಿದ. ಬುರುಡೆಯ ತಳದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಅದರಲ್ಲಿ ಕೂತಿರುತ್ತದೆ. ಬರ್ನ್‌ನ ಗುಳಿ ದೊಡ್ಡದಾಗಿತ್ತು. ಅಲ್ಲಿ ಗೆಡ್ಡೆ ಬೆಳೆದಿತ್ತು, ಬೆಳವಣಿಗೆಯ ಹಾರ್ಮೋನ್ ಮಿತಿ ಮೀರಿ ಸುರಿದಿತ್ತು. ಆಗಲೂ ಯಾರಾದರೂ ಹೇಳಬಹುದಿತ್ತು: ಕಾರಣ ಗೊತ್ತಾಯಿತು, ಇನ್ನು ಸಮುದ್ರಕ್ಕೆ ಬಿಡಿ ಅಂತ. ಬಿಟ್ಟಿದ್ದರೆ? ಡಿಎನ್‌ಎ ರಚನೆ ತಿಳಿದದ್ದೇ 1953ರಲ್ಲಿ. 2011ರಲ್ಲಿ ಎರಡು ಹಲ್ಲು ಕೊರೆಯಲು ಹಲ್ಲೇ ಇರುತ್ತಿರಲಿಲ್ಲ.

ಆ ಹಲ್ಲು ಹೇಳಿದ್ದು ಬರ್ನ್ ಒಬ್ಬನ ಸುದ್ದಿಯಲ್ಲ. ಉತ್ತರ ಐರ್ಲೆಂಡಿನಲ್ಲಿ ಇವತ್ತೂ ಅದೇ ಜೀನ್ ದೋಷ ಹೊತ್ತ ಕುಟುಂಬಗಳಿವೆ. ಅವರಿಗೂ ಬರ್ನ್‌ಗೂ ಸುಮಾರು 1,500 ವರ್ಷದ ಹಿಂದೆ ಒಬ್ಬರೇ ಪೂರ್ವಜರು ಇದ್ದಿರಬೇಕು ಎಂದು ಲೆಕ್ಕ ಸಿಕ್ಕಿತು. ಈಗ ಆ ಮನೆತನದ ಮಗುವನ್ನು ಮೊದಲೇ ಪರೀಕ್ಷೆ ಮಾಡಬಹುದು. ಗೆಡ್ಡೆ ಸಣ್ಣದಿದ್ದಾಗಲೇ ಔಷಧಿಯೋ ಆಪರೇಷನ್ನೋ ಮಾಡಿದರೆ ಆ ಹುಡುಗ 22ಕ್ಕೆ ಸಾಯಬೇಕಾಗಿಲ್ಲ, ಟಿಕೆಟ್ ಇಟ್ಟು ತನ್ನನ್ನು ತೋರಿಸಿಕೊಳ್ಳಬೇಕಾಗಿಲ್ಲ. ಇಷ್ಟು ಸಿಕ್ಕಿದ್ದು 2011ರ ಉಪಕರಣಗಳಿಂದ. 2060ರಲ್ಲಿ ಎಂಥವು ಬರುತ್ತವೋ. ಸ್ಕ್ಯಾನ್ ಇಟ್ಟುಕೊಂಡು ಮೂಳೆ ಬಿಡಿ ಎನ್ನುವವರಿಗೆ ನಾನು ಕೇಳುವುದು ಒಂದೇ. 1909ರವರು ಎಕ್ಸ್‌ರೇ ಫೋಟೋ ಮಾತ್ರ ಉಳಿಸಿದ್ದರೆ ಅದರಿಂದ ಡಿಎನ್‌ಎ ತೆಗೆಯಲು ಆಗುತ್ತಿತ್ತಾ?

ಇನ್ನು ಒಪ್ಪಿಗೆ. ಇದು ಕಷ್ಟದ ಜಾಗ, ನುಣುಚಿಕೊಳ್ಳುವುದಿಲ್ಲ. ಬರ್ನ್ ಬೇಡ ಅಂದಿದ್ದ ಎಂಬುದು ಆಗಿನ ಪತ್ರಿಕೆಗಳಿಂದ ಬಂದ ಮಾತು. ಸುಳ್ಳು ಎನ್ನುತ್ತಿಲ್ಲ, ನಾನೂ ನಂಬುತ್ತೇನೆ. ಆದರೆ ಉಳಿದವರ ಕಥೆ ಏನು? 1985ರಲ್ಲಿ ಸರ್ಕಾರ ನಿಲ್ಲಿಸುವವರೆಗೆ ನಮ್ಮ ದೇಶದಿಂದ, ಅದರಲ್ಲೂ ಕಲ್ಕತ್ತೆಯಿಂದ, ಅಸ್ಥಿಪಂಜರಗಳು ಹೊರದೇಶಗಳಿಗೆ ಹೋಗುತ್ತಿದ್ದವು. ಇಂಗ್ಲೆಂಡ್, ಅಮೆರಿಕದ ಎಷ್ಟೋ ಡಾಕ್ಟರರು ಮೂಳೆ ಕಲಿತದ್ದು ನಮ್ಮ ಬಡವರ ಮೂಳೆಯಲ್ಲಿ. ಅವರು ಬೇಡ ಅನ್ನಲಿಲ್ಲ. ಯಾರೂ ಕೇಳಲೂ ಇಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದರಾ? ಬರ್ನ್‌ಗೆ ಹೆಸರಿದೆ, ಚಿತ್ರ ಇದೆ, ಪತ್ರಿಕೆಯಲ್ಲಿ ಬರೆಯುವವರಿದ್ದಾರೆ. ಅವನೊಬ್ಬನನ್ನು ಕಡಲಿಗೆ ಇಳಿಸಿ ಕೈ ತೊಳೆದುಕೊಂಡರೆ ಕಪಾಟಿನಲ್ಲಿ ಉಳಿದವರ ಗತಿ? ಪರ ಬರೆದವರು ಬಡವರ ಮಾತು ಎತ್ತಿದ್ದಾರೆ, ಸರಿಯಾಗಿಯೇ ಎತ್ತಿದ್ದಾರೆ. ಆದರೆ ಅವರ ಪರಿಹಾರ ಮುಟ್ಟುವುದು ಹೆಸರಿದ್ದ ಒಬ್ಬನನ್ನು ಮಾತ್ರ.

ಹಂಟರ್ ಬಗ್ಗೆಯೂ ಒಂದು ಮಾತು. 1785ರಲ್ಲಿ ಅವನು ಒಬ್ಬ ಸಾರೋಟು ಓಡಿಸುವವನ ಕಾಲು ಉಳಿಸಿದ. ಮೊಣಕಾಲ ಹಿಂದಿನ ರಕ್ತನಾಳ ಉಬ್ಬಿಕೊಂಡಿತ್ತು. ಬೇರೆಯವರಾಗಿದ್ದರೆ ಕಾಲನ್ನೇ ಕತ್ತರಿಸುತ್ತಿದ್ದರು. ಇವನು ತೊಡೆಯಲ್ಲಿ, ಮೇಲಿನಿಂದ ನಾಳ ಕಟ್ಟಿದ. ರಕ್ತ ಪಕ್ಕದ ಸಣ್ಣ ನಾಳಗಳಲ್ಲಿ ದಾರಿ ಮಾಡಿಕೊಂಡಿತು. ಹಾಗೆ ದಾರಿ ಮಾಡಿಕೊಳ್ಳುತ್ತದೆ ಎಂದು ಅವನಿಗೆ ಧೈರ್ಯ ಬಂದದ್ದು ಕೊಯ್ದು ನೋಡಿದ್ದರಿಂದ. ಅವನ ಶಿಷ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಸಿಡುಬಿನ ಲಸಿಕೆ ಹಾಕಿ ತೋರಿಸಿದ. ಹತ್ತು ವರ್ಷ ಕಳೆಯುವ ಹೊತ್ತಿಗೆ ಅದು ನಮ್ಮ ಮೈಸೂರು ಅರಮನೆಗೂ ಬಂದಿತ್ತು. ಇದರಿಂದ ಲಂಚ ಕೊಟ್ಟದ್ದು ಸರಿ ಅಂತ ಆಗುವುದಿಲ್ಲ. ಅವನನ್ನು ಬರೀ ಹೆಣಗಳ್ಳ ಅಂತ ಬರೆದು ಮುಗಿಸುವುದೂ ಆಗುವುದಿಲ್ಲ.

ನನ್ನ ಮಟ್ಟಿಗೆ ಆಗಬೇಕಾದದ್ದು ಇಷ್ಟು. ಮೂಳೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಲಿ. ಕುತೂಹಲಕ್ಕೆ ಯಾರಿಗೂ ತೋರಿಸುವುದು ಬೇಡ. ಯಾರಾದರೂ ಸಂಶೋಧನೆಗೆ ಕೇಳಿದರೆ ಮ್ಯೂಸಿಯಂ ಒಂದೇ ತೀರ್ಮಾನ ಮಾಡಬಾರದು. ಆ ಜೀನ್ ಹೊತ್ತ ಕುಟುಂಬದವರನ್ನೂ ಕೂರಿಸಿಕೊಂಡು ಕೇಳಬೇಕು. ಅವರೆಲ್ಲ ಸಾಕು, ಬಿಡಿ ಎಂದರೆ ಆವತ್ತು ನಾನೂ ಬಾಯಿ ಮುಚ್ಚುತ್ತೇನೆ. ಅವರನ್ನು ಬಿಟ್ಟು ನಾವು ನೀವು ಕಡಲಿನ ದಾರಿ ತೋರಿಸುವುದು ಸರಿ ಕಾಣುವುದಿಲ್ಲ.

ಆ ಟ್ರಂಕನ್ನು ಎರಡನೇ ವರ್ಷಕ್ಕೆ ಬಂದಾಗ ಜೂನಿಯರ್ ಒಬ್ಬನಿಗೆ ಕೊಂಡ ಬೆಲೆಗೇ ಕೊಟ್ಟೆ. ತೊಡೆಮೂಳೆಯ ನೀಲಿ ಗೆರೆ ಮಾಸಿಹೋಗಿತ್ತು. ಕೊಡುವ ಹಿಂದಿನ ರಾತ್ರಿ ಕೂತು ಹೊಸದಾಗಿ ಎಳೆದುಕೊಟ್ಟೆ.