ಕಣಜಕ್ಕೆ ಕಾನೂನು, ಹೆಜ್ಜೇನಿಗೆ ಸ್ಪ್ರೇ

ಹೋದ ವರ್ಷ ಜೂನ್‌ನಲ್ಲಿ ನಮ್ಮ ಕಿಟಕಿಯ ಶಟರ್ ಪೆಟ್ಟಿಗೆಯೊಳಗೆ ಕಣಜ ಗೂಡು ಕಟ್ಟಿತು. ಜರ್ಮನಿಯ ಮನೆಗಳಲ್ಲಿ ಕಿಟಕಿಗೆ ಹೊರಗಡೆ ಸುರುಳಿ ಶಟರ್ ಇರುತ್ತದೆ, ಅದು ಸುತ್ತಿಕೊಳ್ಳುವ ಪೆಟ್ಟಿಗೆಯೊಳಗೆ ಕತ್ತಲು, ಬೆಚ್ಚಗೆ, ಮಳೆಯೂ ತಾಗುವುದಿಲ್ಲ. ಕಣಜಕ್ಕೆ ಇನ್ನೇನು ಬೇಕು? ನನ್ನ ಕೈ ಮೊದಲು ಹೋಗಿದ್ದು ಸ್ಪ್ರೇ ಡಬ್ಬಿಗೆ. ಕೆಳಗಿನ ಮನೆಯ ಅಜ್ಜಿ ನೋಡಿ ತಡೆದರು. "ನವೆಂಬರ್‌ವರೆಗೆ ಕಾಯಿರಿ, ತಾವಾಗಿಯೇ ಸಾಯುತ್ತವೆ. ಈಗ ಕೊಂದರೆ ಕಾನೂನಿಗೆ ವಿರುದ್ಧ" ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆ ಅಲ್ಲ. ಸರಿಯಾದ ಕಾರಣವಿಲ್ಲದೆ ಯಾವ ಕಾಡುಜೀವಿಯನ್ನೂ ಕೊಲ್ಲಬಾರದು ಅಂತ ಇಲ್ಲಿನ ಪ್ರಕೃತಿ ರಕ್ಷಣಾ ಕಾಯ್ದೆ ಹೇಳುತ್ತದೆ, ಕಣಜವೂ ಅದರೊಳಗೆ ಬರುತ್ತದೆ. ದೊಡ್ಡ ಕಡಜಕ್ಕಂತೂ (ಹಾರ್ನೆಟ್) 1987ರಿಂದ ವಿಶೇಷ ರಕ್ಷಣೆ ಇದೆ, ಕೊಂದರೆ ಕೆಲವು ರಾಜ್ಯಗಳಲ್ಲಿ ದಂಡ 50,000 ಯೂರೋವರೆಗೂ ಹೋಗಬಹುದು. ಹಾಗಂತ ಇವರೇನೂ ಹುಟ್ಟಿನಿಂದಲೇ ಕಣಜದ ಅಭಿಮಾನಿಗಳಲ್ಲ. ಕಡಜ ಮೂರು ಸಲ ಕಚ್ಚಿದರೆ ಮನುಷ್ಯ ಸಾಯುತ್ತಾನೆ, ಏಳು ಸಲ ಕಚ್ಚಿದರೆ ಕುದುರೆ ಸಾಯುತ್ತದೆ ಅಂತ ಇವರಲ್ಲೇ ಒಂದು ಹಳೇ ಮಾತಿದೆ. ಶುದ್ಧ ಸುಳ್ಳು. ಅಲರ್ಜಿ ಇದ್ದವರಿಗೆ ಒಂದೇ ಕಡಿತವೂ ಅಪಾಯ, ಅದು ನಿಜ. ಆದರೆ ಜೇನು ಕಚ್ಚಿದರೂ ಅಷ್ಟೇ.

ದಂಡದ ಹೆದರಿಕೆಗೆ ಸುಮ್ಮನಾದೆ, ಒಪ್ಪಿಕೊಳ್ಳುತ್ತೇನೆ. ಸುಮ್ನೆ ಇದ್ದಮೇಲೆ ನೋಡಲು ಶುರು ಮಾಡಿದೆ. ಬಾಲ್ಕನಿಯಲ್ಲಿ ಬಣ್ಣ ಹೋದ ಒಂದು ಮರದ ಕುರ್ಚಿ ಇತ್ತು. ಅದರ ಕೈ ಮೇಲೆ ಕಣಜ ಬಂದು ಕೂತು, ಹಿಂದಕ್ಕೆ ಹೆಜ್ಜೆ ಇಡುತ್ತಾ ಮರವನ್ನು ಕೆರೆಯುತ್ತಿತ್ತು. ಕಿವಿ ಹತ್ತಿರ ಇಟ್ಟರೆ ಕರಕರ ಸದ್ದು ಕೇಳುತ್ತದೆ, ನಿಜವಾಗಿಯೂ. ಕೆರೆದ ಜಾಗದಲ್ಲಿ ಉಗುರಿನಷ್ಟು ಉದ್ದದ ಬಿಳಿ ಗೆರೆ. ಆ ಪುಡಿಯನ್ನು ಜೊಲ್ಲಿನ ಜೊತೆ ಅಗಿದು ಕಾಗದ ಮಾಡಿ ಗೂಡು ಕಟ್ಟುತ್ತದೆ. ಹಿಂದೆ ಕಾಗದ ಮಾಡುತ್ತಿದ್ದುದು ಹಳೇ ಬಟ್ಟೆ ಚಿಂದಿಯಿಂದ. ಮರದಿಂದಲೂ ಮಾಡಬಹುದಲ್ಲ ಅಂತ 1719ರಲ್ಲಿ ಫ್ರಾನ್ಸಿನ ರೆಯೋಮ್ಯೂರ್ ಎಂಬ ವಿಜ್ಞಾನಿ ಹೇಳಿದ್ದು ಈ ಕಣಜಗಳನ್ನು ನೋಡಿಯೇ.

ಇನ್ನೊಂದು ದಿನ ಅದೇ ಕುರ್ಚಿ ಮೇಲೆ ಒಂದು ಕಣಜ ನೊಣ ಹಿಡಿದು ತಂದಿತ್ತು. ರೆಕ್ಕೆ ಕತ್ತರಿಸಿ ಬಿಸಾಡಿತು, ಕಾಲು ಕತ್ತರಿಸಿತು, ಉಳಿದಿದ್ದನ್ನು ಉಂಡೆ ಮಾಡಿ ಎತ್ತಿಕೊಂಡು ಹಾರಿತು. ಆ ಮಾಂಸ ಅದಕ್ಕಲ್ಲ, ಗೂಡಿನ ಮರಿಗಳಿಗೆ. ಬದಲಿಗೆ ಮರಿಗಳು ಒಂದು ಹನಿ ಸಿಹಿ ರಸ ಕೊಡುತ್ತವೆ, ದೊಡ್ಡವು ಅದನ್ನು ಕುಡಿಯುತ್ತವೆ. ಬೇಸಿಗೆ ಪೂರ್ತಿ ಹೀಗೆ ನೊಣ, ಕಂಬಳಿಹುಳ, ಸೊಳ್ಳೆ ಎಲ್ಲ ಮರಿಗಳ ಬಾಯಿಗೆ ಹೋಗುತ್ತವೆ. ಆಗಸ್ಟ್ ಕೊನೆಗೆ ಮರಿಗಳು ಕಡಿಮೆಯಾಗುತ್ತವೆ, ಸಿಹಿ ಹನಿ ನಿಲ್ಲುತ್ತದೆ, ಕೆಲಸವೂ ಇಲ್ಲ, ಸಂಬಳವೂ ಇಲ್ಲ. ಆಗಲೇ ಅವು ನಮ್ಮ ತಟ್ಟೆ ಲೋಟಗಳ ಸುತ್ತ ಸುಳಿಯಲು ಶುರು ಮಾಡುವುದು. ಹಾಗೆ ಬರುವವು ಇಲ್ಲಿ ಎರಡೇ ಜಾತಿ. ಉಳಿದ ಜಾತಿಗಳು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಆದರೆ ಈ ಎರಡರಿಂದ ಎಲ್ಲವಕ್ಕೂ ಕೆಟ್ಟ ಹೆಸರು.

ಕನ್ನಡದಲ್ಲಿ ಕಣಜ ಅಂದರೆ ಹುಳವೂ ಹೌದು, ಕಾಳು ತುಂಬಿಡುವ ಉಗ್ರಾಣವೂ ಹೌದು. ಪದಗಳ ಮೂಲ ಒಂದೇನಾ ಅನ್ನುವುದು ಪಂಡಿತರಿಗೆ ಬಿಟ್ಟಿದ್ದು, ಆದರೆ ಗೋಡೆ ಮೇಲೆ ಮಣ್ಣಿನ ಗೂಡು ಮಾಡುವ ಕಣಜವನ್ನು ನೋಡಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಕಂಬಳಿಹುಳವನ್ನೋ ಜೇಡವನ್ನೋ ಕಚ್ಚಿ ಜೀವ ಇರುವಂತೆಯೇ ಮರಗಟ್ಟಿಸಿ, ಗೂಡಿನೊಳಗೆ ತುಂಬಿ, ಒಂದು ಮೊಟ್ಟೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಹೋಗುತ್ತದೆ. ಉಗ್ರಾಣ ಅಲ್ವಾ ಇದು? ನಮ್ಮ ಹಿರಿಯರು ಒಳಗೆ ಹೋದ ಹುಳವನ್ನೂ ಹೊರಗೆ ಬಂದ ಕಣಜವನ್ನೂ ನೋಡಿ, ಕಣಜವನ್ನೇ ನೆನೆದು ನೆನೆದು ಹುಳ ಕಣಜವೇ ಆಯಿತು ಅಂದುಕೊಂಡರು, ಭ್ರಮರ ಕೀಟ ನ್ಯಾಯ ಅಂತ ಹೆಸರಿಟ್ಟರು. ಎಷ್ಟು ಚೆಂದದ ತಪ್ಪು! ಪಾಪ ಆ ಹುಳ ಧ್ಯಾನ ಮಾಡಲಿಲ್ಲ, ಊಟವಾಯಿತು. ಆದರೂ ಅಷ್ಟು ಹೊತ್ತು ನಿಂತು ನೋಡಿದ್ದರಲ್ಲ, ಅದು ದೊಡ್ಡದು.

ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಬೈಗುಳದ ಹಾಗೆ ಹೇಳುತ್ತೇವೆ. ಆ ಹುಳ ಕೂಡ ಸಣ್ಣ ಜಾತಿಯ ಕಣಜವೇ. ಅದು ಒಳಗೆ ನುಗ್ಗಿ ಪರಾಗ ಮುಟ್ಟಿಸದಿದ್ದರೆ ಅತ್ತಿ, ಆಲ, ಅರಳಿ ಯಾವುದರಲ್ಲೂ ಬೀಜ ಕಟ್ಟುವುದಿಲ್ಲ. ಇನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಕೂತು ನೋಡಿದ್ದೂ ಕಾಗದದ ಗೂಡು ಕಟ್ಟುವ ಒಂದು ಸಣ್ಣ ಕಂದು ಕಣಜವನ್ನೇ. ಅಂದರೆ ಕಣಜ ಗೊತ್ತಿಲ್ಲದವರು ನಾವಲ್ಲ.

ಇಷ್ಟಾಗಿಯೂ ಜರ್ಮನಿಯವರನ್ನು ತಲೆ ಮೇಲೆ ಹೊತ್ತು ಕುಣಿಯಲು ನನಗೆ ಮನಸ್ಸಿಲ್ಲ. ಇದೇ ದೇಶದ 63 ರಕ್ಷಿತ ಜಾಗಗಳಲ್ಲಿ ಹವ್ಯಾಸಿ ಕೀಟಾಸಕ್ತರು ಬಲೆ ಹಾಕಿ ತೂಕ ಮಾಡಿದಾಗ, 27 ವರ್ಷಗಳಲ್ಲಿ ಹಾರುವ ಕೀಟಗಳ ತೂಕ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. 2017ರಲ್ಲಿ ಆ ಲೆಕ್ಕ ಹೊರಬಂದಾಗ ದೊಡ್ಡ ಗದ್ದಲವಾಯಿತು. ನನ್ನ ಕಿಟಕಿಯ ಒಂದು ಗೂಡಿಗೆ ಕಾನೂನಿನ ಕಾವಲು, ಊರಾಚೆಯ ಹೊಲಕ್ಕೆ ಹೋದರೆ ಕಣ್ಣು ಹಾಯುವಷ್ಟು ದೂರ ಒಂದೇ ಬೆಳೆ, ಒಂದು ಕಳೆ ಹೂವೂ ಇಲ್ಲ. 2019ರಲ್ಲಿ ಬವೇರಿಯಾ ರಾಜ್ಯದಲ್ಲಿ "ಜೇನುಹುಳ ಉಳಿಸಿ" ಅಂತ 17 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ, ಸರ್ಕಾರ ಕಾನೂನು ತಿದ್ದುವಂತೆ ಮಾಡಿದರು. ಒಳ್ಳೆಯದೇ. ಆದರೆ ಸಾಕುವ ಜೇನಿಗೆ ಅಳಿವಿನ ಭಯವಿಲ್ಲ, ಅದು ಕೋಳಿ ಇದ್ದಂತೆ, ನೋಡಿಕೊಳ್ಳಲು ಜನ ಇದ್ದಾರೆ. ಕಷ್ಟದಲ್ಲಿರುವುದು ಒಂಟಿಯಾಗಿ ನೆಲದಲ್ಲಿ, ಟೊಳ್ಳು ಕಡ್ಡಿಯಲ್ಲಿ ಗೂಡು ಮಾಡುವ ಕಾಡು ಜೇನುಗಳು, ಅವುಗಳಲ್ಲಿ ಇಲ್ಲಿ 550ಕ್ಕೂ ಹೆಚ್ಚು ಜಾತಿಗಳಿವೆ. "ಕಣಜ ಉಳಿಸಿ" ಅಂದಿದ್ದರೆ ಎಷ್ಟು ಜನ ಪೆನ್ನು ತೆಗೆಯುತ್ತಿದ್ದರೋ.

ನಮ್ಮಲ್ಲಿ ಕಥೆ ಉಲ್ಟಾ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ, ಒಂದೊಂದಕ್ಕೂ ಹೆಸರಿದೆ. ಜರ್ಮನ್ ಭಾಷೆಯವರಿಗೆ ಗೂಡು ಕಟ್ಟಿ ಜೇನು ಕೂಡಿಡುವ ಹುಳ ಅಂದರೆ ಒಂದೇ ಒಂದು. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಹೂವಾದ ಆ ಕೆಲವೇ ದಿನ ತೋಟದಲ್ಲಿ ಹೆಜ್ಜೇನು ಗುಂಯ್‌ಗುಟ್ಟಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಅದೇ ಹೆಜ್ಜೇನು ಅಪಾರ್ಟ್‌ಮೆಂಟಿನ ಸಜ್ಜಕ್ಕೆ ಬಂದರೆ ರಾತ್ರಿ ಸ್ಪ್ರೇ, ಬೆಳಿಗ್ಗೆ ಕೆಳಗೆ ರಾಶಿ ರಾಶಿ ಸತ್ತ ಹುಳ. ಯುರೋಪು 2018ರಲ್ಲಿ ಬಯಲಿನ ಬಳಕೆಗೆ ನಿಷೇಧಿಸಿದ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ನಮ್ಮ ಹೊಲಗಳಲ್ಲಿ ಇವತ್ತಿಗೂ ಮಾಮೂಲಿ ಔಷಧಿ. "ಔಷಧಿ" ಅನ್ನುತ್ತೇವೆ ನೋಡಿ, ವಿಷ ಅಂದಿದ್ದರೆ ಸ್ವಲ್ಪ ಕೈ ನಡುಗುತ್ತಿತ್ತೇನೋ.

ಈ ಮಾತೆಲ್ಲ ಹೇಳಿ ಬೈಸಿಕೊಂಡಿದ್ದೂ ಆಯಿತು. ಜನವರಿಯಲ್ಲಿ ತಮ್ಮ ಫೋನ್ ಮಾಡಿದ್ದ. "ಅಣ್ಣ, ನಮ್ಮ ಟ್ಯಾಂಕ್ ಕೆಳಗೆ ಹೆಜ್ಜೇನು ಕಟ್ಟಿದೆ. ಕಮಿಟಿಯವರು ಸ್ಪ್ರೇ ಹೊಡೆಸ್ತಾರಂತೆ."

"ಬೇಡ ಅನ್ನು. ಹೂವಿನ ಕಾಲ ಮುಗಿದ್ರೆ ತಾವೇ ಹೋಗ್ತಾವೆ."

"ನೀನು ಅಲ್ಲಿ ಕೂತ್ಕೊಂಡು ಹೇಳ್ತೀಯ. ಮಕ್ಕಳಿಗೆ ಕಚ್ಚಿದ್ರೆ ನೀನು ಬರ್ತೀಯಾ?"

ನ್ಯಾಯವಾದ ಪ್ರಶ್ನೆ. ಶಟರ್ ಪೆಟ್ಟಿಗೆಯ ಕಣಜವೂ ಹೆಜ್ಜೇನೂ ಒಂದೇ ಅಲ್ಲ. ಒಂದು ಹೆಜ್ಜೇನು ಕಚ್ಚಿ ಕೊಂಡಿ ಬಿಟ್ಟರೆ ಅದರ ವಾಸನೆ ಹಿಡಿದು ಉಳಿದವು ಬರುತ್ತವೆ (ಬಾಳೆಹಣ್ಣಿನ ವಾಸನೆ ಇದ್ದಂತೆ ಇರುತ್ತದೆ), ನೂರಾರು ಬಂದರೆ ಜೀವಕ್ಕೇ ಅಪಾಯ. ಮಕ್ಕಳು ಆಡುವ ಜಾಗದ ನೆತ್ತಿ ಮೇಲೆ ಕಟ್ಟಿದ್ದರೆ ಗೊತ್ತಿರುವವರನ್ನು ಕರೆಸಿ ಎಬ್ಬಿಸಲೇಬೇಕು, ನಾನೂ ಅದನ್ನೇ ಮಾಡುತ್ತೇನೆ. ಆದರೆ ಇದು ಯಾರೂ ಹತ್ತದ ಟ್ಯಾಂಕ್. ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ಟೆರೇಸ್ ಬಾಗಿಲಿಗೆ ಬೀಗ ಹಾಕಿದರು, ರಾತ್ರಿ ಹುಳ ಬೆಳಕಿಗೆ ಬರಬಾರದು ಅಂತ ಅಲ್ಲಿನ ಲೈಟ್ ಆರಿಸಿದರು. ಇದಕ್ಕೆ ಯಾವ ಕಾನೂನೂ ಬೇಕಾಗಲಿಲ್ಲ, ತಮ್ಮ ಕಮಿಟಿ ಜೊತೆ ಜಗಳ ಆಡಬೇಕಾಯಿತು ಅಷ್ಟೆ.

ಮೇ ಕೊನೆಗೆ ಅವನಿಂದ ಒಂದು ಫೋಟೋ ಬಂತು. ಟ್ಯಾಂಕ್ ಕೆಳಗೆ ಖಾಲಿ ಎರಿ, ಒಂದು ಹುಳವೂ ಇಲ್ಲ. ಕೆಳಗೆ ಬರೆದಿದ್ದ: "ಹೋದ್ವು. ಈಗ ಕಮಿಟಿಯವರು ಅದರಲ್ಲಿ ತುಪ್ಪ ಉಳಿದಿದೆಯಾ ಅಂತ ಕೇಳ್ತಿದ್ದಾರೆ."