ಮೊದಲ ರೆಕಾರ್ಡು: ಎಲ್ಲರೂ ಒಟ್ಟಿಗೇ ನುಡಿಸಬೇಕೇ?

ಮನಸ್ಸಿನಲ್ಲಿರುವುದನ್ನು ಬಿಚ್ಚಿಟ್ಟು ಹಾಡುವ ಹೊಸ ಪಂಕ್ (ಒರಟು, ವೇಗದ ರಾಕ್ ಸಂಗೀತದ) ತಂಡ ತನ್ನ ಮೊದಲ ಹಾಡುಗಳನ್ನು ಒಂದೇ ಕೋಣೆಯಲ್ಲಿ, ಎಲ್ಲ ವಾದ್ಯ ಒಟ್ಟಿಗೆ ನುಡಿಸಿ ಮುದ್ರಿಸಬೇಕೇ?

ಪರ

1976ರ ಡಿಸೆಂಬರ್ 28ರಂದು ಮ್ಯಾಂಚೆಸ್ಟರಿನ ಇಂಡಿಗೋ ಸ್ಟುಡಿಯೋದೊಳಗೆ ಕಾಲಿಟ್ಟ ಬಜ್‌ಕಾಕ್ಸ್ ಎಂಬ ಪಂಕ್ ತಂಡ ವೇದಿಕೆ ಹತ್ತಿ ವರ್ಷವೂ ಆಗಿರಲಿಲ್ಲ. ಕೈಯಲ್ಲಿದ್ದದ್ದು ಸಾಲ ತಂದ ಸುಮಾರು 500 ಪೌಂಡ್. ನಾಲ್ಕು ಹಾಡಿನ ಮುದ್ರಣಕ್ಕೆ ಮೂರು ಗಂಟೆ, ಮಿಕ್ಸಿಂಗಿಗೆ (ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸಲು) ಎರಡು ಗಂಟೆ. ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ಪುಟ್ಟ ರೆಕಾರ್ಡಿನ ಕವರಿನ ಮೇಲೆ ಯಾವ ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು) ಎಂದೂ ಅಚ್ಚು ಹಾಕಿಸಿದರು: ಒಂದು ಮೂರನೆಯದು, ಉಳಿದ ಮೂರೂ ಮೊದಲನೆಯವು. 1977ರ ಜನವರಿಯಲ್ಲಿ ತಾವೇ ಹೊರತಂದ 1,000 ಪ್ರತಿ ಬೇಗ ಖರ್ಚಾಗಿ ಮತ್ತೆ ಅಚ್ಚಾಯಿತು.

ಒಬ್ಬರ ಮುಖ ಒಬ್ಬರು ನೋಡುತ್ತ ನುಡಿಸುವಾಗ ಪಲ್ಲವಿ ಬಂದ ಕೂಡಲೇ ಲಯ ತಾನಾಗಿ ಏರುತ್ತದೆ. ನಿಮಿಷಕ್ಕೆ 168 ಬೀಟ್ ಇದ್ದದ್ದು 173ಕ್ಕೆ ಹೋಗುತ್ತದೆ. ಆ ಲೆಕ್ಕ ಕೇಳುವವರಿಗೆ ಬೇಕಿಲ್ಲ, ಮೈ ಮಾತ್ರ ಬಿಸಿಯಾಗುತ್ತದೆ.

ಡ್ರಮ್ಮಿಗೆ ನಾಲ್ಕು ಮೈಕ್ ಸಾಕು: ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಾದ ಕಿಕ್ಕಿಗೊಂದು, ಚುರುಕು ಸದ್ದಿನ ಸಣ್ಣ ಡ್ರಮ್ಮಾದ ಸ್ನೇರಿಗೊಂದು, ಮೇಲೆ ಎರಡು. ಮೇಲಿನ ಎರಡೂ ಸ್ನೇರಿನ ನಡುವಿನಿಂದ ಸರಿಸಮ ದೂರದಲ್ಲಿರಲಿ. ದಾರ ಹಿಡಿದು ಅಳೆಯಿರಿ. ನಾಲ್ಕು ಬೆರಳು ಹೆಚ್ಚುಕಡಿಮೆಯಾದರೂ ಸ್ನೇರಿನ ಏಟು ಎರಡು ಮೈಕಿಗೆ ಹಿಂದುಮುಂದಾಗಿ ತಲುಪಿ, ಕೂಡಿಸಿದಾಗ ಟೊಳ್ಳಾಗಿ ಕೇಳುತ್ತದೆ. ಗಿಟಾರ್ ಆಂಪನ್ನು (ಸದ್ದು ಹೆಚ್ಚಿಸುವ ಪೆಟ್ಟಿಗೆ) ಡ್ರಮ್ಮಿಗೆ ಬೆನ್ನು ಮಾಡಿಸಿ, ನಡುವೆ ಹಾಸಿಗೆ ನಿಲ್ಲಿಸಿ. ಹಾಡುವವರು ಡ್ರಮ್ಮಿನ ಕಡೆಗೇ ಮುಖ ಮಾಡಲಿ. ಆಗ ಮೈಕಿನ ಬೆನ್ನು ಡ್ರಮ್ಮಿಗಿರುತ್ತದೆ. ಕಾರ್ಡಿಯಾಯ್ಡ್ ಮೈಕ್ ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತದೆ.

ಹಾಡೊಂದಕ್ಕೆ ನಾಲ್ಕು ಟೇಕಿಗಿಂತ ಹೆಚ್ಚು ಬೇಡ. ಐದನೆಯದರ ಹೊತ್ತಿಗೆ ಕೈ ತಪ್ಪೀತೆಂಬ ಭಯವೇ ನುಡಿಸತೊಡಗುತ್ತದೆ. ಕಡೆಯ ಸಾಲಿನಲ್ಲಿ ದನಿ ಒಡೆದಿದ್ದರೆ ಹಾಗೇ ಬಿಡಿ.

ವಿರೋಧ

ಆ ಕವರನ್ನು ಪೂರ್ತಿ ಓದಬೇಕು. ಮೊದಲ ಟೇಕ್ ಎಂದಿರುವ ಮೂರೂ ಹಾಡುಗಳ ಮುಂದೆ ‘ಗಿಟಾರ್ ಡಬ್’ ಎಂದೂ ಇದೆ. ಡಬ್ ಇಲ್ಲದ್ದು ಒಂದೇ. ಆಮೇಲೆ ಗಿಟಾರ್ ಸೇರಿಸಿದ್ದಾರೆ, ಸೇರಿಸಿದ್ದೇವೆಂದು ಹೇಳಿಯೂ ಇದ್ದಾರೆ. ಹಾಡಿನ ನಿಜಕ್ಕೆ ಅದರಿಂದ ಕುಂದೇನೂ ಬಂದಿಲ್ಲ.

ಒಳಗಿನ ಮಾತು ಹೇಳುವ ತಂಡದಲ್ಲಿ ಮಾತು ಕೇಳಬೇಕು. ಒಂದೇ ಕೋಣೆಯಲ್ಲಿ ಮೊದಲು ಹೂತುಹೋಗುವುದು ಅದೇ. ಮೈಕನ್ನು ಹೇಗೆ ತಿರುಗಿಸಿದರೂ ಸಣ್ಣ ಕೋಣೆಯಲ್ಲಿ ಸಿಂಬಲ್ (ಡ್ರಮ್ಮಿನ ಲೋಹದ ತಟ್ಟೆ) ಸದ್ದು ಗೋಡೆಗೆ ಬಡಿದು ವಾಪಸು ಬಂದು ನುಗ್ಗುತ್ತದೆ. ಮೆಲುದನಿಯ ಸಾಲು ಕೇಳಲೆಂದು ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ಕುಗ್ಗಿಸುವ ಸಾಧನ) ಹಾಕಿ ಎತ್ತಿದರೆ ಸಿಂಬಲ್ಲೂ ಜೊತೆಗೇ ಏಳುತ್ತದೆ. ಪದ ಪದದ ನಡುವೆ ‘ಶ್ಶ್’ ಎಂದು ಉಬ್ಬುತ್ತದೆ. ಬಾಸ್ ಒಂದು ಸ್ವರ ತಪ್ಪಿದರೆ ಅದು ಡ್ರಮ್ಮಿನ ಮೈಕಿನಲ್ಲೂ ಕೂತಿರುತ್ತದೆ. ಸರಿಯಾದದ್ದನ್ನು ಮತ್ತೆ ನುಡಿಸಿ ಕೂರಿಸಿದರೂ ಹಳೆಯದು ಹಿಂದಿನಿಂದ ಕೇಳುತ್ತದೆ.

ಡ್ರಮ್ ಮೊದಲಾಗಲಿ. ಲಯಕ್ಕೆ ಟಿಕ್ ಟಿಕ್ ಎನ್ನುವ ಕ್ಲಿಕ್ಕಿನ ಜೊತೆ ಒಂದು ಗಿಟಾರ್, ಕಚ್ಚಾ ದನಿ ಮುದ್ರಿಸಿ ಡ್ರಮ್ಮರಿಗೆ ಹೆಡ್‌ಫೋನಿನಲ್ಲಿ ಕೊಡಿ. ಲಯ ಏರಬೇಕೆಂದರೆ ಕ್ಲಿಕ್ಕನ್ನೇ ಹಾಗೆ ಹೊಂದಿಸಿ: ಚರಣಕ್ಕೆ 168, ಪಲ್ಲವಿಗೆ 172. ಆಮೇಲೆ ಬಾಸ್, ಅದರ ಮೇಲೆ ಗಿಟಾರ್. ಗಿಟಾರನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬೇರೆ ಬೇರೆಯಾಗಿ ನುಡಿಸಬೇಕು. ಒಂದೇ ಟೇಕಿನ ನಕಲನ್ನು ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ನಡುವೆ ಸದ್ದು ಜೋರಾಗುತ್ತದೆ ಅಷ್ಟೆ. ಬಲವಾಗಿ ಬಾರಿಸಿದಾಗ ತೆಳು ತಂತಿಯ ಸ್ವರ ಏರುತ್ತದೆ. ಅದಕ್ಕೆ 9ರ ತೆಳು ತಂತಿ ಬಿಟ್ಟು ದಪ್ಪದ 11ರದ್ದು ಹಾಕಿ, ಹಾಡಿನಲ್ಲಿ ಬಾರಿಸುವಷ್ಟೇ ಜೋರಾಗಿ ಮೀಟಿ ಟ್ಯೂನ್ ಮಾಡಿ, ಪ್ರತಿ ಟೇಕಿಗೂ ಮುಂಚೆ.

ಹಾಡುವುದು ಕೊನೆಗೆ, ಗಂಟಲು ತಾಜಾ ಇರುವ ಬೇರೊಂದು ದಿನ. ಮೈಕಿನಿಂದ ಒಂದು ಗೇಣು, ಕಿರುಚುವ ಕಡೆ ಒಂದೂವರೆ. ಮೈಕಿನ ಸದ್ದಿನ ಮಟ್ಟ ಹೊಂದಿಸುವಾಗ ಅತಿ ಜೋರಿನ ಸಾಲನ್ನೇ ಹಾಡಿಸಿ. ಶುರುವಿನಿಂದ ಕೊನೆಯವರೆಗೆ ಮೂರು ಸಲ ಹಾಡಿ, ಒಂದನ್ನು ಇಡಿಯಾಗಿ ಆರಿಸಿಕೊಳ್ಳಿ. ಪದ ಪದ ಹೆಕ್ಕಿ ಜೋಡಿಸಿದರೆ ಉಸಿರು ಹೊಂದುವುದಿಲ್ಲ. ಪಿಚ್ (ಶ್ರುತಿ) ತಿದ್ದುವ ಸಾಫ್ಟ್‌ವೇರ್ ಮುಟ್ಟುವುದೇ ಬೇಡ. ಒಡೆದ ದನಿ ಉಳಿಯಲಿ, ಈ ಮಾತಿನಲ್ಲಿ ತಕರಾರಿಲ್ಲ. ಅದು ಯಾವ ಪದದ ಮೇಲೆ ಒಡೆಯಿತು ಎಂಬುದೂ ಕೇಳಬೇಕು.